ಎಂಜಿನ್ ಆರುವ ತನಕ

ಆಸ್ಪತ್ರೆಯ ರಸ್ತೆ ಊರು ಮುಗಿದ ಕೂಡಲೇ ಏರತೊಡಗುತ್ತದೆ, ಗೇಟು ಸಿಗುವವರೆಗೂ ಏರುತ್ತಲೇ ಇರುತ್ತದೆ. ಅದರ ಅರ್ಧದಲ್ಲಿ ಒಂದು ತಿರುವು, ತಿರುವಿನ ಹೊರಬದಿಗೆ ಮೊಣಕಾಲೆತ್ತರದ ಕಲ್ಲುಗೋಡೆ. ನಮ್ಮ ಬೈಕು ಸುಸ್ತಾಗುತ್ತಿದ್ದದ್ದು ಅಲ್ಲೇ. ಮೊದಲು ಸದ್ದು ಬದಲಾಗುತ್ತಿತ್ತು, ಡಬ್ಬಿಯೊಳಗೆ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ. ಹಿಂದೆಯೇ ಸುಟ್ಟ ಆಯಿಲ್ ವಾಸನೆ. ಆಮೇಲೆ ಎಷ್ಟು ಆಕ್ಸಿಲರೇಟರ್ ತಿರುವಿದರೂ ಮುಂದೆ ಹೋಗಲು ಮನಸ್ಸಿಲ್ಲದವರಂತೆ ಎಳೆಯುತ್ತಿತ್ತು. ಅಪ್ಪ ಗೋಡೆಯ ಪಕ್ಕ ನಿಲ್ಲಿಸಿ, ಕೀಲಿ ತಿರುಗಿಸಿ, "ಆರಲಿ" ಅನ್ನುತ್ತಿದ್ದ.

ಗಾಳಿಯಿಂದಲೇ ತಣ್ಣಗಾಗಬೇಕಾದ ಹಳೆಯ ಎಂಜಿನ್ ಅದು. ಗಾಡಿ ಓಡಿದರೆ ಗಾಳಿ ಬಡಿಯುತ್ತದೆ, ಗಾಳಿ ಬಡಿದರೆ ತಂಪು. ಆದರೆ ಅಮ್ಮನಿಗೆ ಕುಲುಕಾಟ ಆಗಬಾರದೆಂದು ಅಪ್ಪ ನಡೆಯುವವರ ಜೊತೆ ಪೈಪೋಟಿಗೆ ಇಳಿದವನ ಹಾಗೆ ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಚೀಲ ತಬ್ಬಿಕೊಂಡು ನಾನು. ಪಕ್ಕದಲ್ಲಿ ಮೂರನೆಯ ಚಕ್ರದ ಮೇಲೆ ಅಪ್ಪನೇ ಕಟ್ಟಿದ ತಗಡಿನ ಸೈಡ್‌ಕಾರ್, ಅದರಲ್ಲಿ ಅಮ್ಮ. ಮೊದಲು ಅಲ್ಲಿ ತಗಡಿನ ಹಾಳೆ ಸಾಗಿಸುವ ಹಲಗೆ ಇತ್ತು. ಅಮ್ಮನಿಗೆ ಕಾಯಿಲೆ ಬಂದು, ಹಿಂದೆ ಕೂತು ಹಿಡಿದುಕೊಳ್ಳುವಷ್ಟು ಕೈಗೆ ಬಲ ಇಲ್ಲವಾದಾಗ, ಹಲಗೆ ಹೋಗಿ ಮೆತ್ತೆಯ ಕುರ್ಚಿ ಬಂತು. ಅಮ್ಮ ಅದನ್ನು ತೊಟ್ಟಿಲು ಅನ್ನುತ್ತಿದ್ದಳು. ಮುಚ್ಚಿದ ವಾಹನದಲ್ಲಿ ಕೂತರೆ ಅವಳಿಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತಿತ್ತು. ಹಾಗಾಗಿ ವಾರಕ್ಕೊಮ್ಮೆ ಡ್ರಿಪ್ ಹಾಕಿಸಿಕೊಳ್ಳಲು ಈ ತೊಟ್ಟಿಲೇ ಗತಿ.

ತಿರುವಿನಲ್ಲಿ ನಿಂತಾಗ ಅಮ್ಮ ಸುಮ್ಮನೆ ಕೂರುತ್ತಿರಲಿಲ್ಲ. ನನ್ನ ಭುಜ ಹಿಡಿದು ಇಳಿದು, ಗೋಡೆಯ ಮೇಲೆ ಕೂತು, ತನ್ನ ಎಕ್ಸ್‌ರೇ ಇಟ್ಟಿದ್ದ ದೊಡ್ಡ ಕವರಿನಿಂದ ಎಂಜಿನ್ನಿಗೆ ಗಾಳಿ ಹಾಕುತ್ತಿದ್ದಳು. "ಪಾಪ, ಹೇಗೆ ಏದುಸಿರು ಬಿಡ್ತಿದೆ ನೋಡ್ರೀ. ಯಾರಾದ್ರೂ ನೀರು ಕೊಡಬಾರದಾ ಇದಕ್ಕೆ" ಅನ್ನುತ್ತಿದ್ದಳು. ಆರುತ್ತಿದ್ದ ಲೋಹ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿತ್ತು. ಬೇರೇನೂ ಮಾಡಲಿಕ್ಕಿಲ್ಲದೆ ಅಪ್ಪ ಅಮ್ಮನ ಪಕ್ಕದಲ್ಲಿ ಕೂರುತ್ತಿದ್ದ. ಕೆಳಗೆ ಊರಿನ ಚಾವಣಿಗಳು ಕಾಣುತ್ತಿದ್ದವು. ಯಾವ ಚಾವಣಿಯ ಕೆಳಗೆ ಯಾವ ಕೊಳವೆ ತಾನು ಕೂರಿಸಿದ್ದು ಎಂದು ಅಪ್ಪ ತೋರಿಸುವುದು, ಅದು ಆವತ್ತೇ ಕಳಚಿ ಬಿದ್ದಿತ್ತಲ್ಲ ಎಂದು ಅಮ್ಮ ಕಾಲೆಳೆಯುವುದು. ಅಪ್ಪನ ಕಸುಬೇ ಅದು, ದೊಡ್ಡ ಕಟ್ಟಡಗಳಲ್ಲಿ ಗಾಳಿ ಹರಿಯಲು ತಗಡಿನ ಕೊಳವೆ ಮಾಡಿ ಕೂರಿಸುವುದು. ಮನೆಯಲ್ಲಿ ಅವರಿಬ್ಬರೂ ಔಷಧಿಯ ಹೊತ್ತು, ಊಟ ಸೇರಿತೋ ಇಲ್ಲವೋ ಇಷ್ಟು ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಆ ವರ್ಷ ಕೇಳಿರಲಿಲ್ಲ.

ಒಂದು ವಾರ ಆರುವುದಕ್ಕೆ ತುಂಬಾ ಹೊತ್ತು ಹಿಡಿಯಿತು. ನಾವು ಮೇಲೆ ತಲುಪುವಷ್ಟರಲ್ಲಿ ಡ್ರಿಪ್ ಕೋಣೆಯಲ್ಲಿ ಬೆಳಗಿನ ಹಾಸಿಗೆಗಳೆಲ್ಲ ತುಂಬಿದ್ದವು. ಬೇಗ ಹೊರಡುವ ಹಾಗೂ ಇರಲಿಲ್ಲ. ಅದೇ ಬೆಳಿಗ್ಗೆ ಊರಿನ ಲ್ಯಾಬಿನಲ್ಲಿ ರಕ್ತ ಕೊಟ್ಟು, ರಿಪೋರ್ಟ್ ಕೈಗೆ ಬಂದ ಮೇಲೆಯೇ ಡ್ರಿಪ್. ಆವತ್ತು ಡ್ರಿಪ್ ಇಲ್ಲದೆ ವಾಪಸು ಬಂದೆವು. ವಾರ ತಪ್ಪಿಸಿದರೆ ಹಿಂದೆ ಹಾಕಿಸಿಕೊಂಡದ್ದೂ ನೀರಿಗೆ ಹೋದ ಹಾಗೆ ಎಂದು ಡಾಕ್ಟರು ಅಪ್ಪನಿಗೆ ಹೇಳಿದರಂತೆ. ಅಪ್ಪ ಮನೆಗೆ ಬಂದವನೇ ಶೆಡ್ಡಿನ ಬಾಗಿಲು ತೆಗೆದ.

ಮೊದಲು ಎಂಜಿನ್ನಿನ ಸುತ್ತ ಪದರ ಪದರವಾಗಿರುವ ಲೋಹದ ರೆಕ್ಕೆಗಳ ಸಂದಿಯಿಂದ ಸುಟ್ಟು ಗಟ್ಟಿಯಾದ ಮಣ್ಣನ್ನೆಲ್ಲ ಕೆರೆದು ತೆಗೆದ. ಶಾಖ ಹೊರಗೆ ಹೋಗುವುದೇ ಆ ರೆಕ್ಕೆಗಳಿಂದ. ಅವುಗಳ ಮೇಲೆ ಯಾರೋ ಹಿಂದೆ ಅಂದಕ್ಕೆಂದು ಬಳಿದಿದ್ದ ದಪ್ಪ ಬೆಳ್ಳಿಬಣ್ಣವನ್ನೂ ಉಜ್ಜಿ ತೆಗೆದ. ಪೆಟ್ರೋಲು ಕಡಿಮೆಯಾದರೆ ಎಂಜಿನ್ ಹೆಚ್ಚು ಕಾಯುತ್ತದೆಂದು ಕಾರ್ಬುರೇಟರಿನ ಜೆಟ್ ಬದಲಾಯಿಸಿ ಪೆಟ್ರೋಲು ತುಸು ಹೆಚ್ಚು ಹೋಗುವ ಹಾಗೆ ಮಾಡಿದ. ತಾಮ್ರದ ಕೊಳವೆಯನ್ನು ಹಾವಿನ ಹಾಗೆ ಸುತ್ತಿ, ಆಯಿಲ್ ಅದರೊಳಗೆ ಹರಿದು ತಣ್ಣಗಾಗಿ ಬರುವಂತೆ ಎಂಜಿನ್ನಿನ ಮುಂದೆ ಕೂರಿಸಿದ. ಹ್ಯಾಂಡಲ್ಲಿನ ನಡುವೆ ಬಿಸಿ ತೋರಿಸುವ ಮುಳ್ಳಿನ ಮೀಟರ್ ಬಂತು. ಕೊನೆಗೆ ತನ್ನ ಕಸುಬಿನ ಕೈಚಳಕವನ್ನೆಲ್ಲ ಸುರಿದು ಒಂದು ಗಾಳಿಕೊಳವೆ ಮಾಡಿದ. ಮುಂದಿನ ಚಕ್ರದ ಮರೆಯಲ್ಲಿ ಗಾಳಿ ಸಿಗುವುದಿಲ್ಲವೆಂದು ಅದರ ಬಾಯನ್ನು ಪಕ್ಕಕ್ಕೆ, ಸೈಡ್‌ಕಾರಿನ ಕಡೆಗೆ ತಂದ. ನಿಧಾನ ಹೋಗುವಾಗ ಗಾಳಿ ತಾನಾಗಿ ನುಗ್ಗುವುದಿಲ್ಲವಲ್ಲ, ಅದಕ್ಕೆ ಒಳಗೊಂದು ಬ್ಲೋವರ್.

ಬ್ಲೋವರ್ ತಂದುಕೊಟ್ಟದ್ದು ಮಾವ. ಅಮ್ಮನ ತಮ್ಮ, ಎಲೆಕ್ಟ್ರಿಶಿಯನ್. ಗುಜರಿಗೆ ಹಾಕಿದ ಕಾರಿನಿಂದ ಬಿಚ್ಚಿ ತಂದಿದ್ದ. ಅವನು ವೈರ್ ಜೋಡಿಸುತ್ತಾ, "ಭಾವ, ಇನ್ನೊಂದು ಪೈಪ್ ಹಾಕಿದ್ರೆ ಇದು ಗಾಡಿ ಆಗಿ ಉಳಿಯಲ್ಲ, ಆಫೀಸ್ ಆಗುತ್ತೆ. ಮೇಜು ಕುರ್ಚಿ ಹಾಕಿಬಿಡೋಣ" ಅಂದ. ಅಪ್ಪ ನಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಮ್ಮ ನಕ್ಕಳು.

ಆ ವಾರ ಏರು ಹತ್ತುವಾಗ ನಾನು ಅಪ್ಪನ ಭುಜದ ಮೇಲಿಂದ ಮುಳ್ಳನ್ನೇ ನೋಡುತ್ತಿದ್ದೆ. ಅದು ನಡುವಿನವರೆಗೆ ಬಂದು ಅಲ್ಲೇ ನಿಂತಿತು. ಮೊಳೆಯ ಸದ್ದಿಲ್ಲ, ವಾಸನೆಯಿಲ್ಲ. ತಿರುವು ಬಂತು, ಹೋಯಿತು. ಅಪ್ಪ ಗೋಡೆಯ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ಅಮ್ಮ ಮಾತ್ರ ಕತ್ತು ತಿರುಗಿಸಿ, ಗೋಡೆ ಮರೆಯಾಗುವವರೆಗೂ ನೋಡಿದಳು. ಹೊತ್ತಿಗೆ ಮುಂಚೆಯೇ ತಲುಪಿದೆವು. ಅಪ್ಪ ಗೇಟಿನ ಕಾವಲುಗಾರನಿಗೂ ಎಂಜಿನ್ ಮುಟ್ಟಿ ನೋಡು ಎಂದು ತೋರಿಸಿದ. ಅಷ್ಟು ಖುಷಿಯಾಗಿದ್ದ ಅಪ್ಪನನ್ನು ನೋಡಿ ಬಹಳ ದಿನವಾಗಿತ್ತು.

ಅದರ ಮುಂದಿನ ವಾರ ತಿರುವು ಹತ್ತಿರ ಬಂದಾಗ ಅಮ್ಮ ಕೈಯೆತ್ತಿ, "ರೀ, ಸ್ವಲ್ಪ ನಿಲ್ಲಿಸ್ತೀರಾ" ಅಂದಳು. ಅಪ್ಪನ ಬೆನ್ನು ಬಿಗಿದದ್ದು ನನಗೆ ಗೊತ್ತಾಯಿತು. ನೋವಾಯಿತಾ, ಉಸಿರು ಕಟ್ಟುತ್ತಿದೆಯಾ ಎಂದು ಕೇಳಿದ. ಉತ್ತರಕ್ಕೂ ಕಾಯದೆ, ಅಷ್ಟು ತಿಂಗಳು ಕಾಪಾಡಿಕೊಂಡು ಬಂದ ನಿಧಾನವನ್ನೆಲ್ಲ ಬಿಟ್ಟು ಗಾಡಿ ಓಡಿಸಿದ. ಗೇಟಿನಲ್ಲಿ ಕೂಗು ಹಾಕಿದ್ದಕ್ಕೆ ಇಬ್ಬರು ನರ್ಸುಗಳು ಗಾಲಿಕುರ್ಚಿ ತಳ್ಳಿಕೊಂಡು ಓಡಿ ಬಂದರು. ಅಮ್ಮನನ್ನು ಎತ್ತಿ ಕೂರಿಸಿ, ಬಾಯಿಗೆ ಆಕ್ಸಿಜನ್ ಹಿಡಿದರು. ನನಗೇನೂ ಆಗಿಲ್ಲ ಎಂದು ಅಮ್ಮ ಆ ಮುಖವಾಡದೊಳಗಿಂದ ಹೇಳುತ್ತಿದ್ದದ್ದು ಯಾರಿಗೂ ಕೇಳಿಸಲಿಲ್ಲ.

ಆಮೇಲೆ ಅವಳು ನಿಲ್ಲಿಸಲು ಹೇಳಲಿಲ್ಲ. ಆದರೆ ಎಂಜಿನ್ ಮತ್ತೆ ಬಿಸಿಯಾಗತೊಡಗಿತು.

ಸರಿಯಾಗಿ ತಿರುವಿನ ಹತ್ತಿರವೇ. ಮುಳ್ಳು ನಡು ದಾಟಿ ಮೇಲೆ ಹೋಗುತ್ತಿತ್ತು, ಮೊಳೆಯ ಸದ್ದು ಬರುತ್ತಿತ್ತು, ಅಪ್ಪ ಬೈದುಕೊಳ್ಳುತ್ತಾ ನಿಲ್ಲಿಸುತ್ತಿದ್ದ. ಅಮ್ಮ ಮೊದಲಿನ ಹಾಗೆಯೇ ಇಳಿದು ಎಕ್ಸ್‌ರೇ ಕವರಿನಿಂದ ಗಾಳಿ ಹಾಕುತ್ತಿದ್ದಳು. ಬೇಗ ಆರುತ್ತಿತ್ತು, ಹೊತ್ತು ತಪ್ಪುತ್ತಿರಲಿಲ್ಲ. ಆದರೂ ಅಪ್ಪನಿಗೆ ನಿದ್ದೆ ಬರಲಿಲ್ಲ. ಊಟದ ತಟ್ಟೆಯ ಪಕ್ಕದಲ್ಲಿ ಬೆರಳಿನಿಂದ ಕೊಳವೆಯ ಆಕಾರ ಬರೆಯುತ್ತಿದ್ದ. ಬ್ಲೋವರ್ ಬಿಚ್ಚಿ ನೋಡಿದ, ಸರಿಯಿತ್ತು. ಕೊಳವೆಯ ಬಾಯಿ ಇನ್ನಷ್ಟು ಅಗಲ ಮಾಡಿದ.

ಎಂಜಿನ್ ಯಾಕೆ ಬಿಸಿಯಾಗುತ್ತಿದೆಯೆಂದು ನನಗೆ ಕಂಡದ್ದು ಕೊಳವೆಯ ಬಾಯಿ ಅಗಲವಾದ ಮೇಲೆ. ಅಮ್ಮ ಸದಾ ಹೊದೆಯುತ್ತಿದ್ದ ಕಂದು ಉಣ್ಣೆಯ ಶಾಲಿನ ಒಂದು ತುದಿ ತೊಟ್ಟಿಲಿನ ಅಂಚಿನಿಂದ ಹೊರಗೆ ಇಳಿದಿತ್ತು. ಅವಳ ಕೈ ಅದನ್ನು ಕೊಳವೆಯ ಬಾಯಿಗೆ ಒತ್ತಿ ಹಿಡಿದಿತ್ತು. ಮಗುವಿನ ಬಾಯಿ ಒರೆಸುವಾಗ ಇರುತ್ತದಲ್ಲ, ಅಷ್ಟು ಮೆತ್ತಗೆ. ನಾನು ನೋಡಿದ್ದನ್ನು ಅವಳು ನೋಡಿದಳು. ಕೈ ತೆಗೆಯಲಿಲ್ಲ.

ತಿರುವಿನಲ್ಲಿ ಅಪ್ಪ ಬಾಟಲಿ ಹಿಡಿದು ಸ್ವಲ್ಪ ಕೆಳಗಿದ್ದ ನಲ್ಲಿಗೆ ಹೋದಾಗ ನಾನು ಬಾಯಿ ತೆರೆದೆ, ಮುಚ್ಚಿದೆ. ಅಮ್ಮ ನಕ್ಕಳು. ಇವಳ ಬಾಯಿಂದ ಮಾತು ಹೊರಡಿಸುವುದೆಂದರೆ ತುಕ್ಕು ಹಿಡಿದ ಬೋಲ್ಟ್ ಬಿಚ್ಚಿದ ಹಾಗೆ ಎಂದು ಅವಳು ಎಲ್ಲರೆದುರೂ ನನ್ನನ್ನು ಆಡಿಕೊಳ್ಳುತ್ತಿದ್ದಳು. ಆವತ್ತು ಆಡಿಕೊಳ್ಳಲಿಲ್ಲ.

"ಕೆಳಗೆ ಮನೆಯಲ್ಲಿ ನಾನು ರೋಗಿ" ಅಂದಳು. "ಮೇಲೆ ಹೋದ್ರೆ ಕೇಳಲೇಬೇಡ. ಇಲ್ಲಿ ಮಾತ್ರ ಕಾಯಿಲೆ ಗಾಡಿಗೆ. ಎಲ್ಲರೂ ಅದರ ಮುಖ ನೋಡ್ತಾರೆ. ನಾನೂ ಅದಕ್ಕೆ ಗಾಳಿ ಹಾಕ್ತೀನಿ. ನಿಮ್ಮಪ್ಪ ಪಕ್ಕದಲ್ಲಿ ಕೂತ್ಕೊಂಡು ಹಳೇದೆಲ್ಲ ಹೇಳ್ತಾರೆ. ಇದಿಷ್ಟು ಸಿಕ್ಕಿದ್ರೆ ಮೇಲಿಂದು ತಡ್ಕೋತೀನಿ ಪುಟ್ಟಿ."

ಅಪ್ಪನಿಗೆ ಹೇಳಬಹುದಲ್ಲ ಎಂದು ನಾನು ಕೇಳಿದೆ. ಆಕ್ಸಿಜನ್ ಹಿಡಿದದ್ದು ಮರೆತೆಯಾ ಅಂದಳು. ಅದೂ ಅಲ್ಲದೆ, ಅವರು ಅಷ್ಟು ಆಸೆಯಿಂದ ನನಗೋಸ್ಕರ ಮಾಡಿದ್ದು, ಅದೇ ನನಗೆ ಬೇಡ ಅಂತ ಯಾವ ಬಾಯಲ್ಲಿ ಹೇಳಲಿ ಅಂದಳು. ಅಷ್ಟರಲ್ಲಿ ಅಪ್ಪ ಬಾಟಲಿ ತುಂಬಿಸಿಕೊಂಡು ಬಂದ. ಅಮ್ಮ ಕವರು ಬೀಸತೊಡಗಿದಳು.

ಶಾಲನ್ನು ಬ್ಲೋವರ್ ಎಳೆದುಕೊಂಡದ್ದು ಆಮೇಲಿನ ವಾರ. ಬಾಯಿ ಅಗಲವಾಗಿತ್ತಲ್ಲ, ತುದಿ ಅವಳ ಬೆರಳಿನಿಂದ ಜಾರಿ ಸರ್ರನೆ ಒಳಗೆ ಹೋಯಿತು. ಬ್ಲೋವರ್ ಕಿರುಗುಟ್ಟಿ ನಿಂತಿತು. ಅಮ್ಮ ಹೆದರಿ ಎಳೆದಾಗ ಶಾಲು ಹರಿದು ಅರ್ಧ ಅವಳ ಕೈಯಲ್ಲಿ ಉಳಿಯಿತು. ಅವಳು ಅದನ್ನು ಮಡಿಲಿನಲ್ಲಿ ಮುದುರಿಕೊಂಡಳು. ಅಗಲವಾದ ಬಾಯಿ ಆವತ್ತು ಶಾಲಿನಿಂದ ಪೂರ್ತಿ ಮುಚ್ಚಿರಲಿಲ್ಲವೋ ಏನೋ, ಮುಳ್ಳು ಏರುವ ಮುಂಚೆಯೇ ತಿರುವು ಹಿಂದೆ ಬಿದ್ದಿತ್ತು. ಮುಂದಿನ ತೀರಾ ಕಡಿದಾದ ಜಾಗದಲ್ಲಿ ನಿಲ್ಲಿಸಿದರೆ ಗಾಡಿ ಹಿಂದಕ್ಕೆ ಜಾರುತ್ತದೆಂದು ಅಪ್ಪ ಮುಳ್ಳು ಕೆಂಪು ಮುಟ್ಟಿದರೂ ಎಳೆಸಿದ. ಕೂದಲು ಸುಟ್ಟ ವಾಸನೆ ಬಂತು. ಆಮೇಲೆ ಎಂಜಿನ್ ಒಮ್ಮೆಲೇ ಕಚ್ಚಿಕೊಂಡಿತು. ಹಿಂದಿನ ಚಕ್ರ ರಸ್ತೆಯ ಮೇಲೆ ಕೀಚ್ ಎಂದು ಉಜ್ಜಿ, ಎಲ್ಲ ನಿಶ್ಶಬ್ದ.

ಅಮ್ಮನನ್ನು ಯಾರದೋ ಮುಚ್ಚಿದ ತರಕಾರಿ ಗಾಡಿಯಲ್ಲಿ ಮೇಲಕ್ಕೆ ಕರೆದುಕೊಂಡು ಹೋದೆ. ತಲುಪುವಾಗ ಅವಳು ವಾಂತಿ ಮಾಡಿಕೊಂಡು ಬಳಲಿದ್ದಳು. ಈ ಸ್ಥಿತಿಯಲ್ಲಿ ಡ್ರಿಪ್ ಹಾಕಲಾಗುವುದಿಲ್ಲ ಎಂದರು. ಇನ್ನೊಂದು ವಾರ ಹೋಯಿತು.

ಅಪ್ಪ ಎಂಜಿನ್ ಬಿಚ್ಚಿದ. ಸಿಲಿಂಡರಿನ ಒಳಗೋಡೆಯಲ್ಲಿ ಬೆಕ್ಕು ಪರಚಿದ ಹಾಗೆ ಗೀರುಗಳು. ತಾಮ್ರದ ಸುರುಳಿಯಲ್ಲಿ ಆಯಿಲ್ ಕಟ್ಟಿಕೊಂಡಿರಬೇಕು, ತನ್ನದೇ ತಪ್ಪು ಎಂದು ಅವನು ತೀರ್ಮಾನ ಮಾಡಿಬಿಟ್ಟ. ಪರಿಚಯದವರೊಬ್ಬರ ವ್ಯಾನ್ ಇದೆ, ಹಾಸಿಗೆ ಹಾಕಿ ಮಲಗಿಸಿಕೊಂಡೇ ಹೋಗಬಹುದು ಎಂದು ಮಾವ ಮೊದಲಿನಿಂದಲೂ ಹೇಳುತ್ತಿದ್ದ. ಅದನ್ನೇ ಹೇಳಿಬಿಡು ಎಂದು ಅಪ್ಪ ಅವನಿಗೆ ಒಪ್ಪಿಗೆ ಕೊಟ್ಟ. ಕಿಟಕಿ ಮುಚ್ಚಿದ ವ್ಯಾನಿನಲ್ಲಿ, ಅಂಗಾತ ಮಲಗಿ. ಅಮ್ಮ ಕೇಳಿ ತಲೆಯಾಡಿಸಿದಳು, ಅಷ್ಟೆ. ಹರಿದ ಶಾಲಿನ ಅರ್ಧವನ್ನು ಹಾಸಿಗೆಯ ಕೆಳಗೆ ಇಟ್ಟಿದ್ದಳು. ಇಬ್ಬರೇ ಇದ್ದಾಗ, ಗಾಡಿ ಕೊಂದವಳು ನಾನು, ವ್ಯಾನಿಗೆ ಬೇಡ ಅನ್ನೋ ಹಕ್ಕು ನನಗಿಲ್ಲ ಅಂದಳು.

ಮರುದಿನ ಮಧ್ಯಾಹ್ನ ನಾನು ಚಹಾ ತೆಗೆದುಕೊಂಡು ಶೆಡ್ಡಿಗೆ ಹೋದೆ. ಅಪ್ಪ ಗಾಳಿಕೊಳವೆ ಬಿಚ್ಚಿ ಗುಜರಿಯ ಮೂಲೆಗೆ ಹಾಕಲು ತೆಗೆದಿದ್ದವನು ಮಂಡಿಯೂರಿ ಕೂತಿದ್ದ. ಕೈಯಲ್ಲಿ ಚೂಪು ಮೂತಿಯ ಇಕ್ಕಳ. ಬ್ಲೋವರಿನ ರೆಕ್ಕೆಗೆ ಸುತ್ತಿಕೊಂಡಿದ್ದ ಕಂದು ಉಣ್ಣೆಯನ್ನು ಎಳೆ ಎಳೆಯಾಗಿ ಬಿಡಿಸಿ ಹಳೆಯ ಬಟ್ಟೆಯ ಮೇಲೆ ಇಡುತ್ತಿದ್ದ. ಆ ಶಾಲು ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ. ನನ್ನ ಕಡೆ ನೋಡದೆ, "ಗಾಳಿಗೆ ಹಾರಿ ತಾನಾಗೇ ಹೋಯ್ತಾ?" ಎಂದು ಕೇಳಿದ.

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಅಪ್ಪನಿಗೆ ತನ್ನ ಕೊಳವೆಯ ಮೇಲಿನ ನಂಬಿಕೆ ವಾಪಸು ಬರುತ್ತಿತ್ತು, ಅಮ್ಮನ ಗುಟ್ಟು ಉಳಿಯುತ್ತಿತ್ತು. ಕೊಳವೆಯ ಬಾಯಿಗೆ ಒಂದು ಜಾಲರಿ ಬರುತ್ತಿತ್ತು. ಬೈಕು ಎಲ್ಲಿಯೂ ನಿಲ್ಲದೆ ಮೇಲೆ ಹೋಗುತ್ತಿತ್ತು. ಚಹಾದ ಲೋಟ ಕೈಯಲ್ಲಿ ಸುಡುತ್ತಿತ್ತು. ಇಡಲು ಜಾಗ ಕಾಣಲಿಲ್ಲ.

"ಇಲ್ಲಪ್ಪ" ಅಂದೆ. "ಅಮ್ಮ ಹಿಡಿದಿದ್ಲು."

ಅವನ ಕೈ ನಿಂತಿತು.

"ಗಾಡಿಗೆ ಕಾಯಿಲೆ ಬಂದಾಗ ಮಾತ್ರ ಅವಳಿಗೆ ಇರಲ್ಲ. ಆ ಗೋಡೆ ಹತ್ರ."

ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರಲಿಲ್ಲ. ಅಪ್ಪ ಇನ್ನೊಂದು ಎಳೆ ಬಿಡಿಸಿದ, ಉಳಿದವುಗಳ ಪಕ್ಕದಲ್ಲಿ ಇಟ್ಟ. ನನ್ನನ್ನೇ ಕೇಳಬಹುದಿತ್ತಲ್ಲ ಎಂದು ತನಗೇ ಹೇಳಿಕೊಂಡ. ಕೇಳಿದ್ದಳಲ್ಲ ಎಂದು ನಾನು ಹೇಳಬೇಕಾಗಲಿಲ್ಲ. ಅವನಿಗೇ ನೆನಪಾದದ್ದು ಮುಖದಲ್ಲಿ ಕಂಡಿತು. ಆಮೇಲೆ ಕೈ ಒರೆಸಿಕೊಂಡು ಲೋಟ ತೆಗೆದುಕೊಂಡ.

"ನಿಲ್ಲೋದು ಸರಿ. ಹಾಸಿಗೆ ತುಂಬಿಹೋದ್ರೆ?" ಅಂದ. "ಎರಡು ಸಲ ತಪ್ಪಿದೆ ಮಗಳೇ. ಇನ್ನೊಂದು ತಪ್ಪಬಾರದು."

ಮಧ್ಯಾಹ್ನದ ಹಾಸಿಗೆಗಳು ಕೆಲವೇ ಇದ್ದವು, ಅವು ದೂರದಿಂದ ಬರುವವರಿಗೆಂದು ಮೀಸಲು. ಕೊಡುವವರು ಡ್ರಿಪ್ ಕೋಣೆಯ ದೊಡ್ಡ ಸಿಸ್ಟರ್. ನಾನು ಫೋನ್ ಮಾಡುತ್ತೇನೆ ಅಂದೆ. ಅಪ್ಪ ನನ್ನ ಮುಖ ನೋಡಿದ. ಗ್ಯಾಸ್ ಮುಗಿದರೆ ಬುಕ್ ಮಾಡಲಿಕ್ಕೂ ಫೋನ್ ಎತ್ತದವಳು ನಾನು. ಪದವಿ ಮುಗಿಸಿದ ಮೇಲೆ ಬಂದ ಎರಡು ಸಂದರ್ಶನಗಳಿಗೂ ಹೋಗದೆ, ಅದಕ್ಕೆ ಕಾರಣ ಅಮ್ಮನ ಕಾಯಿಲೆ ಅನ್ನುವುದನ್ನು ಎಲ್ಲರಿಗೂ ನಂಬಿಸಿದವಳು.

ಹೇಳಬೇಕಾದ್ದನ್ನು ಹಿಂದಿನಿಂದ ಮುಂದಿನಿಂದ ಹತ್ತಾರು ಸಲ ಮನಸ್ಸಿನಲ್ಲೇ ಹೇಳಿಕೊಂಡು ನಂಬರ್ ಒತ್ತಿದೆ. ಸಿಸ್ಟರ್ ದನಿ ಕೇಳಿದ್ದೇ ಎಲ್ಲ ಮರೆತುಹೋಯಿತು. ಯಾಕೆ ಮಧ್ಯಾಹ್ನ ಬೇಕು, ನೀವು ಇದೇ ಊರಿನವರಲ್ಲವಾ ಎಂದು ಅವರು ಕೇಳಿದರು.

"ನಮ್ಮ ಬೈಕು ಏರಿನಲ್ಲಿ ಬಿಸಿಯಾಗುತ್ತೆ" ಅಂದೆ. "ಆರೋ ತನಕ ಕೂರಬೇಕು. ಅಮ್ಮನಿಗೆ... ಆ ಕೂರೋದು ಬೇಕು ಸಿಸ್ಟರ್."

ಆ ಕಡೆ ಯಾರೋ ಟ್ರೇ ಇಟ್ಟ ಸದ್ದು. ನಿಮ್ಮ ಅಮ್ಮ ಯಾರು, ತಗಡಿನ ತೊಟ್ಟಿಲಲ್ಲಿ ಬರುವವರಾ ಎಂದು ಕೇಳಿದರು. ಹೌದು ಅಂದೆ. ಸ್ವಲ್ಪ ತಡೆದು, ಮಧ್ಯಾಹ್ನದ ಕೊನೆಯ ಹಾಸಿಗೆ, ಕಿಟಕಿ ಪಕ್ಕದ್ದಲ್ಲ, ಆಗಬಹುದಾ ಅಂದರು. ಆಗಬಹುದು ಅಂದೆ.

ವ್ಯಾನ್ ಬೇಡವೆಂದು ಮಾವನಿಗೆ ತಿಳಿಸಿ, ಸಿಲಿಂಡರನ್ನು ಲೇತಿನವರ ಹತ್ತಿರ ಗೀರು ಹೋಗುವಂತೆ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿ, ಅಪ್ಪ ಎಂಜಿನ್ ಕಟ್ಟಿದ. ಬ್ಲೋವರ್ ಮತ್ತೆ ಬಂತು, ಮುಂದೆ ಸಣ್ಣ ಜಾಲರಿಯೊಂದಿಗೆ. ಕೊಳವೆಯ ಬಾಯಿಗೆ ಒಂದು ತಗಡಿನ ಮುಚ್ಚಳ ಮಾಡಿದ, ಬಾಗಿಲಿನ ಹಾಗೆ ತೆರೆದು ಮುಚ್ಚುವಂಥದ್ದು. ಮುಚ್ಚಳದಿಂದ ತಂತಿ ತೊಟ್ಟಿಲಿನೊಳಗೆ ಬಂದು ಒಂದು ಮರದ ಹಿಡಿಯಲ್ಲಿ ಮುಗಿಯುತ್ತಿತ್ತು. ಹಿಡಿಯನ್ನು ಅಪ್ಪ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದ. ಅವಳ ಬೆರಳಿಗೆ ಬಲ ಬೇಕಾಗದಷ್ಟು ಹಗುರವಾಗಿ ಓಡುತ್ತಿತ್ತು.

ಅಮ್ಮನನ್ನು ಕರೆದು ಕೂರಿಸಿ ತೋರಿಸಿದ. "ಇದು ನಿನ್ನ ಕೆಲಸ. ಎಂಜಿನ್ ಬಿಸಿ ಆಗ್ತಿದೆ ಅನ್ನಿಸಿದಾಗ ಎಳಿ. ನಾನು ನಿಲ್ಲಿಸ್ತೀನಿ."

ವೈರ್ ನೋಡಲು ಬಂದಿದ್ದ ಮಾವ ಬಗ್ಗಿ ಮುಚ್ಚಳವನ್ನು ತೆರೆದು ಮುಚ್ಚಿ ನೋಡಿದ. "ಭಾವ, ಉಲ್ಟಾ ಆಗಿದೆಯಲ್ಲ. ಇದನ್ನ ಎಳೆದ್ರೆ ಗಾಳಿ ಬಂದ್ ಆಗುತ್ತೆ. ಬಿಸಿ ಇನ್ನೂ ಏರುತ್ತೆ."

"ಗೊತ್ತು" ಅಂದ ಅಪ್ಪ.

"ಗೊತ್ತಿದ್ದೂ..." ಎಂದು ಶುರು ಮಾಡಿದ ಮಾವ ಅಕ್ಕನ ಮುಖ ನೋಡಿ ವೈರಿನ ಕಡೆ ತಿರುಗಿದ. ಅಮ್ಮ ಹಿಡಿಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಅಪ್ಪ ಶೆಡ್ಡಿನ ಗೂಟದಿಂದ ತನ್ನ ದಪ್ಪ ಶಾಲು ತಂದು ಅವಳ ಭುಜಕ್ಕೆ ಹೊದಿಸಿ, ಅದರ ತುದಿಗಳನ್ನು ತೊಟ್ಟಿಲಿನ ಒಳಗೆ ಸೇರಿಸಿದ.

ಆ ವಾರ ಮೋಡ ಕವಿದ ಮಧ್ಯಾಹ್ನ. ಗಾಳಿಯೇ ತಣ್ಣಗಿತ್ತು. ಹೊಸ ಪಿಸ್ಟನ್ ಹೊಂದಿಕೊಳ್ಳಲಿ ಎಂದು ಅಪ್ಪ ಮೊದಲಿಗಿಂತಲೂ ನಿಧಾನ ಓಡಿಸಿದ. ಮುಳ್ಳು ನಡುವನ್ನೂ ಮುಟ್ಟಿರಲಿಲ್ಲ. ತಿರುವಿನ ಕಲ್ಲುಗೋಡೆ ಕಾಣಿಸಿತು. ಅಮ್ಮ ಎಳೆಯುತ್ತಾಳೋ ಇಲ್ಲವೋ ಎಂದು ನಾನು ಚೀಲವನ್ನು ಬಿಗಿಯಾಗಿ ಹಿಡಿದೆ. ಗೋಡೆಯ ಮೊದಲ ಕಲ್ಲು ದಾಟಿತು. ಇನ್ನು ಇಲ್ಲ ಅಂದುಕೊಂಡೆ. ಆಗ ತಗಡಿಗೆ ತಗಡು ಮುಟ್ಟಿದ ಸಣ್ಣ ಸದ್ದು ಕೇಳಿತು.

ಅಪ್ಪ ಮೀಟರಿನ ಕಡೆ ನೋಡಲಿಲ್ಲ. ಗಾಡಿ ನಿಲ್ಲಿಸಿ, ಕೀಲಿ ತಿರುಗಿಸಿ, ಇಳಿದು ಎಂಜಿನ್ನಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ಅಂಗೈಯನ್ನು ಒಂದು ಕ್ಷಣ ಎಂಜಿನ್ ಹತ್ತಿರ ಹಿಡಿದ.

"ವಿಪರೀತ ಬಿಸಿಯಾಗಿದೆ" ಅಂದ.

ಅಮ್ಮನಿಗೆ ಈ ಸಲ ಇಳಿಯಲು ಆಗಲಿಲ್ಲ. ತಪ್ಪಿದ ವಾರಗಳು ಅವಳ ಕಾಲಿನಿಂದ ಬಲವನ್ನು ತೆಗೆದುಕೊಂಡಿದ್ದವು. ನಾನು ಚೀಲದಿಂದ ಎಕ್ಸ್‌ರೇ ಕವರು ತೆಗೆದುಕೊಟ್ಟೆ. ತೊಟ್ಟಿಲಿನೊಳಗೆ ಕೂತೇ ಅವಳು ಬೀಸತೊಡಗಿದಳು. ಅಪ್ಪ ಗೋಡೆಯ ಮೇಲೆ ಕೂರದೆ, ರಸ್ತೆಯ ಮೇಲೆಯೇ ತೊಟ್ಟಿಲಿಗೆ ಬೆನ್ನು ಕೊಟ್ಟು ಕಾಲು ಚಾಚಿದ. ಕೆಳಗೆ ಯಾವುದೋ ಚಾವಣಿಯ ಕಡೆ ಕೈ ತೋರಿಸಿ ಏನೋ ಹೇಳಿದ. ಅದು ಆವತ್ತೇ ಸೋರಿತ್ತಲ್ಲ ಎಂದು ಅಮ್ಮ ಅಂದಳು. ಸೋರಿದ್ದು ಕೊಳವೆಯಲ್ಲ, ಚಾವಣಿ ಎಂದು ಅವನು ವಾದಕ್ಕಿಳಿದ.

ಎಂಜಿನ್ನಿನಿಂದ ಟಿಕ್ ಟಿಕ್ ಸದ್ದು ಬೇಗನೆ ನಿಂತುಹೋಯಿತು. ನಾನು ಗೋಡೆಯ ಮೇಲೆ ಕೂತು ಆಸ್ಪತ್ರೆಯ ಕಡೆಗೆ ನೋಡದೆ ಊರಿನ ಕಡೆಗೇ ನೋಡಿದೆ. ಬೀಸಿ ಬೀಸಿ ಅಮ್ಮನ ಕೈ ಸೋತಾಗ ಕವರು ಮಡಿಲಿನ ಮೇಲೆ ಬಿತ್ತು. ಅಪ್ಪ ಅದನ್ನು ಎತ್ತಿಕೊಂಡು, ಅವಳು ಬಿಟ್ಟಲ್ಲಿಂದ ತಾನು ಬೀಸತೊಡಗಿದ.

"ಆಯ್ತೇನ್ರೀ? ಆರ್ತಾ?" ಎಂದು ಅಮ್ಮ ಕೇಳಿದಳು.

ಅಪ್ಪ ತಣ್ಣಗಿದ್ದ ಎಂಜಿನ್ನಿನ ಮೇಲೆ ಅಂಗೈ ಊರಿ, ಹಾಗೆಯೇ ಇಟ್ಟುಕೊಂಡ.

"ಇನ್ನೂ ಇಲ್ಲ" ಅಂದ.